ಹೋಲಿಕೆಗೊಂದು ಸುಟ್ಟ ಗದ್ದೆ

"ಎಲ್ಲಾ ಸರಿ ಮೇಡಂ, ಸುಟ್ಟ ಗದ್ದೆ ಎಲ್ಲಿ?" ಎಂದು ಮಧುಕರ ಸರ್ ಕೇಳಿದರು.

ನಾನು ಬರೆದಿದ್ದ ಸಂಶೋಧನಾ ಪ್ರಬಂಧ ಸುಡದ ಗದ್ದೆಯ ಬಗ್ಗೆ. ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ಒಣ ಗರಿಗೆ ನಮ್ಮ ಕಡೆ ತರಗು ಅನ್ನುತ್ತಾರೆ. ಎಲ್ಲರೂ ಅದಕ್ಕೆ ಕಡ್ಡಿ ಗೀರಿ ಕೈತೊಳೆದುಕೊಳ್ಳುತ್ತಾರೆ. ಮಳವಳ್ಳಿ ತಾಲ್ಲೂಕಿನ ನಮ್ಮೂರಿನಲ್ಲಿ ನನ್ನ ಚಿಕ್ಕಪ್ಪ ಮರಿಸಿದ್ದಯ್ಯ ಒಬ್ಬರು ಮಾತ್ರ ಮೂರು ವರ್ಷದಿಂದ ಅದನ್ನು ಸುಡದೆ, ಸಾಲುಗಳ ನಡುವೆ ಹಾಸಿ ಕೊಳೆಯಲು ಬಿಟ್ಟಿದ್ದರು. ಹಾಗೆ ಬಿಡುವಂತೆ ಅವರನ್ನು ಒಪ್ಪಿಸಿದವಳು ನಾನೇ. ಆ ಮಣ್ಣಿನ ತೇವ, ಸಾರ, ಉಳಿದ ನೀರು ಎಲ್ಲವನ್ನೂ ನನ್ನ ವಿದ್ಯಾರ್ಥಿಗಳ ಜೊತೆ ಅಳೆದು ಬರೆದಿದ್ದೆ. ಒಂದೊಂದು ಅಂಕಿಯನ್ನೂ ಮತ್ತೆ ಮತ್ತೆ ತಾಳೆ ನೋಡಿದ್ದೆ. ಹಗಲು ಬೆಲ್ಲದ ಮಂಡಿಯಲ್ಲಿ ಬಿಲ್ಲು ಬರೆದು, ಸಂಜೆ ಕಾಲೇಜಿನಲ್ಲಿ ಎಂಬಿಎ ಮಾಡಿದವಳಿಗೆ ಅಷ್ಟಾದರೂ ಭಯ ಇರುತ್ತದೆ.

"ನಮ್ಮ ಪೇಪರ್ ಸುಡದೆ ಇರೋದರ ಬಗ್ಗೆ ಅಲ್ವಾ ಸರ್?"

"ಅದೇ ಮೇಡಂ. ಸುಡದೆ ಇದ್ರೆ ಒಳ್ಳೇದು ಅಂತ ಬರೆದಿದೀರಿ. ಯಾವುದಕ್ಕಿಂತ ಒಳ್ಳೇದು? ಜರ್ನಲ್‌ನೋರು ಅದನ್ನೇ ಕೇಳ್ತಿರೋದು. ಹೋಲಿಸಿ ನೋಡೋಕೆ ಸುಟ್ಟ ಗದ್ದೆ ಬೇಕಂತೆ. ಅದೇ ಮಣ್ಣು, ಅದೇ ನೀರು, ಅದೇ ರೈತ."

ಮಧುಕರ ಸರ್ ಮಂಡ್ಯದ ಹೊರವಲಯದಲ್ಲಿರುವ ನಮ್ಮ ಮ್ಯಾನೇಜ್‌ಮೆಂಟ್ ಕಾಲೇಜಿನ ನಿರ್ದೇಶಕರು. ಕೆಟ್ಟವರಲ್ಲ. ಕಾಲೇಜಿಗೆ ಯಾವುದೋ ಶ್ರೇಯಾಂಕ ಬೇಕಾಗಿ, ಅದಕ್ಕೆ ಸುಸ್ಥಿರತೆ ಎಂಬ ವಿಷಯ ಬೇಕಾಗಿ, ಅದನ್ನು ಕಲಿಸಲು ಬೇರೆ ಯಾರೂ ಒಪ್ಪದೆ ನನ್ನನ್ನು ಗುತ್ತಿಗೆ ಮೇಲೆ ತೆಗೆದುಕೊಂಡವರು ಅವರೇ. ಈಗ ಆಡಳಿತ ಮಂಡಳಿ ಹೊಸ ನಿಯಮ ಮಾಡಿತ್ತು. ಸಂಶೋಧನೆ ಪ್ರಕಟವಾಗದ ವಿಷಯಗಳನ್ನು ಮುಂದಿನ ವರ್ಷದಿಂದ ಕೈಬಿಡುವುದು. ಅಂದರೆ ಈ ಪೇಪರ್ ಹೋದರೆ ನನ್ನ ತರಗತಿ ಹೋದಂತೆ.

ಕೆಲಸದ ಚಿಂತೆ ಇತ್ತು, ಇಲ್ಲವೆನ್ನಲಾರೆ. ಆದರೆ ತರಗತಿಯ ಚಿಂತೆ ಬೇರೆಯೇ ಇತ್ತು. ಡಿಜಿಟಲ್ ಮಾರ್ಕೆಟಿಂಗ್‌ಗೆ ಸೀಟು ಸಿಗದೆ ನನ್ನ ಕಡೆಗೆ ಬಂದ ಮಕ್ಕಳು ಅವರು. ಮೊದಲ ದಿನ ಒಬ್ಬರೂ ತಲೆ ಎತ್ತುವುದಿಲ್ಲ. ಆಮೇಲೆ ನಿಧಾನವಾಗಿ ಏನೋ ಆಗುತ್ತದೆ. ಮದ್ದೂರಿನಲ್ಲಿ ಅಕ್ಕಿ ಗಿರಣಿ ಇಟ್ಟಿರುವವರ ಮಗಳು ದೀಪಿಕ ಒಂದು ದಿನ, "ಮೇಡಂ, ನಮ್ಮ ಗಿರಣಿ ಬೂದಿ ಎಲ್ಲಿಗೆ ಹೋಗುತ್ತೆ ಅಂತ ಅಪ್ಪನ್ನ ಕೇಳಿದೆ. ಬೈದ್ರು" ಅಂದಳು. ಬೈದದ್ದನ್ನು ಖುಷಿಯಿಂದ ಹೇಳಿದಳು. ಆ ಪ್ರಶ್ನೆ ಹುಟ್ಟುವ ಜಾಗ ಆ ಕಾಲೇಜಿನಲ್ಲಿ ಅದೊಂದೇ ಇತ್ತು.

"ಅಕ್ಕಪಕ್ಕದ ಗದ್ದೆಯೋರು ಎಲ್ಲರೂ ಸುಡ್ತಾರೆ ಸರ್. ಅಲ್ಲಿಂದ ಮಣ್ಣು ತರಬಹುದು," ಅಂದೆ.

"ನಿಮ್ಮ ಸರ್ವೆನಲ್ಲಿ ಊರಲ್ಲಿ ಯಾರೂ ಸುಡಲ್ಲ ಅಂತ ಇದೆಯಲ್ಲ ಮೇಡಂ!"

ಅದೂ ನಿಜ. ಹಿಂದಿನ ವರ್ಷ ಸರ್ವೆ ಮಾಡುವಾಗ, ಸುಟ್ಟವರಿಗೆ ಸರ್ಕಾರದ ಸವಲತ್ತು ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಊರಲ್ಲಿ ಹಬ್ಬಿತ್ತು. ನನ್ನ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಕೇಳಿದರೆ ಒಬ್ಬನೂ ಒಪ್ಪಲಿಲ್ಲ. ಚಿಕ್ಕಪ್ಪನ ಗದ್ದೆಯ ಬದುವಿನ ಆಚೆ ಗದ್ದೆ ಇರುವ ಮಹದೇವು ಅಂಗಿ ಜೇಬಿನಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡೇ, "ನಾವೆಲ್ಲಿ ಸುಟ್ಟೋ ತಾಯಿ? ತಾನಾಗೆ ಅತ್ಕೊಂತು" ಅಂದಿದ್ದ. ಅವನ ಹಿಂದೆ ಹೊಗೆ ಏಳುತ್ತಿತ್ತು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕೆಂದು ಮಕ್ಕಳಿಗೆ ಕಲಿಸಿದವಳು ನಾನು. ಅವರು ಹಾಗೆಯೇ ಬರೆದುಕೊಂಡು ಬಂದರು.

"ಹಾಗಾದರೆ ಏನು ಮಾಡೋದು ಸರ್?"

"ನಿಮ್ಮ ಚಿಕ್ಕಪ್ಪನ ಗದ್ದೇನೇ ಅರ್ಧ ಸುಡಿಸಿ. ನಿಮ್ಮೂರೇ ಅಲ್ವಾ, ಏನು ಕಷ್ಟ?"

ನನಗೆ ನಗು ಬರಬೇಕಿತ್ತು. ಬಂದದ್ದು ಬೆವರು. ಸುಡಬಾರದೆಂದು ತೋರಿಸಲು ಊರಿನಲ್ಲಿ ಸುಡದೆ ಇರುವ ಒಂದೇ ಗದ್ದೆಯನ್ನು ಸುಡಬೇಕು. ಇದರಲ್ಲಿ ಎಲ್ಲೋ ತಪ್ಪಿದೆ ಅನ್ನಿಸಿತು. ಆದರೆ ಪ್ರತಿಸಲವೂ ಹೀಗೆಯೇ. ತಪ್ಪು ಅವರದೋ, ಸರಿಯಾಗಿ ಓದದ ನನ್ನದೋ ಎಂದು ತೀರ್ಮಾನಿಸುವಷ್ಟರಲ್ಲಿ ನಾನು ಹೂಂ ಅಂದಿರುತ್ತೇನೆ.

ಮದ್ದೂರಿನಲ್ಲಿ ಬಸ್ಸು ಬದಲಿಸಿ ಊರು ಸೇರಿದಾಗ ಚಿಕ್ಕಪ್ಪ ಮನೆ ಮುಂದೆ ಕೂತು ಹನಿ ನೀರಾವರಿ ಪೈಪಿನ ಕಟ್ಟಿಕೊಂಡ ತೂತು ಬಿಡಿಸುತ್ತಿದ್ದರು. ವಾರದ ಹಿಂದಷ್ಟೇ ಅವರ ಕಬ್ಬು ಕಡಿದಿದ್ದರು. ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡು ಪೈಪನ್ನು ಕೆಳಗಿಟ್ಟರು.

"ಸುಡ್ಬ್ಯಾಡ ಅಂದೋಳು ನೀನು," ಅಂದರು.

"ಹೂಂ ಚಿಕ್ಕಪ್ಪ."

"ಸುಟ್ರೆ ಮಣ್ಣು ಸಾಯ್ತದೆ, ಎರೆಹುಳ ಸಾಯ್ತದೆ ಅಂದೋಳು ನೀನು."

"ಹೂಂ."

"ಮೂರು ವರ್ಸ ಆ ಮಹದೇವು ನನ್ ಗದ್ದೇನ ಇಲಿ ಛತ್ರ, ಇಲಿ ಛತ್ರ ಅಂತ ಆಡ್ಕೊಂಡ. ನಮ್ ಸೋಬಿತಾ ಕಾಲೇಜಲ್ಲಿ ಪಾಠ ಮಾಡ್ತಾಳೆ ಕಣ್ಲಾ, ನಿಂಗೇನ್ ಗೊತ್ತು ಅಂತಿದ್ದೆ. ಈಗ ಸುಡು ಅಂತೀಯ."

"ಅರ್ಧ ಮಾತ್ರ ಚಿಕ್ಕಪ್ಪ. ಸುಡ್ದೆ ಇರಾದು ಎಷ್ಟು ಒಳ್ಳೇದು ಅಂತ ತೋರ್ಸಾಕೆ, ಸುಟ್ರೆ ಏನಾಯ್ತದೆ ಅಂತ ಪಕ್ಕದಲ್ಲೇ ಬೇಕಂತೆ."

ಒಳಗಿನಿಂದ ಚಿಕ್ಕಮ್ಮ ಪಟ್ಟಲಮ್ಮನ ದನಿ ಬಂತು. "ಗಂಡ ಇರಾದು ಎಷ್ಟು ಒಳ್ಳೇದು ಅಂತ ತೋರ್ಸಾಕೆ ಅರ್ಧ ಗಂಡನ್ನ ಸುಟ್ಟು ನೋಡಾನ್ವಾ?"

"ಸುಮ್ಕಿರಮ್ಮಿ ನೀನು," ಎಂದು ಚಿಕ್ಕಪ್ಪ ರೇಗಿದರು.

"ಯಾಕ್ ಸುಮ್ಕಿರ್ಲಿ? ಆ ತರಗು ಹಾಸ್ದೋಳು ನಾನು. ಬೆನ್ನು ಬಗ್ಸಿದ್ದು ನಾನು. ನಿಮ್ ಅರ್ಧ ಅಂದ್ರೆ ಯಾವ್ ಅರ್ಧ? ನೀವ್ ನಿಂತ್ಕೊಂಡು ಬೀಡಿ ಸೇದ್ತಿದ್ದ ಅರ್ಧ ಸುಡಿ."

ಚಿಕ್ಕಪ್ಪ ನನ್ನ ಕಡೆ ತಿರುಗಿದರು. "ಸುಡ್ನಿಲ್ಲ ಅಂದ್ರೆ ಏನ್ ಮಾಡ್ತಾರವ್ವ?"

ಹೇಳಬಾರದಿತ್ತು ಅನ್ನಿಸಿತು. ಆದರೂ ಹೇಳಿದೆ. "ನನ್ ಕ್ಲಾಸು ತೆಗೀತಾರೆ."

ಅವರು ಪೈಪನ್ನು ಮತ್ತೆ ಕೈಗೆತ್ತಿಕೊಂಡು, "ಯಾವತ್ತು ಬತ್ತೀರಿ?" ಅಂದರು.

ಸುಡುವ ದಿನ ನಾನು ಬೆಳಿಗ್ಗೆಯೇ ಹೋಗಿ ಸಾಧ್ಯವಿದ್ದ ಎಚ್ಚರಿಕೆಯನ್ನೆಲ್ಲ ಮಾಡಿದೆ. ಗದ್ದೆಯ ನಡುವೆ ಉದ್ದಕ್ಕೂ ಒಂದು ಪಟ್ಟಿಯಷ್ಟು ತರಗು ತೆಗೆಸಿ ನೆಲ ಕೆರೆಸಿದೆ, ಬೆಂಕಿ ದಾಟದಿರಲೆಂದು. ಡ್ರಮ್ಮುಗಳಲ್ಲಿ ನೀರು ತುಂಬಿಸಿದೆ. ಬೆಂಕಿ ಬಡಿದು ಆರಿಸಲು ಹೊಂಗೆ ಸೊಪ್ಪಿನ ಕೊಂಬೆ ಕಡಿಸಿ ಇಟ್ಟೆ. ಸುಡುವ ಅರ್ಧದ ಕೆಳಗಿದ್ದ ಪೈಪುಗಳನ್ನೆಲ್ಲ ಚಿಕ್ಕಪ್ಪ ಎಳೆದು ಸುತ್ತಿ, ಸುಡದ ಅರ್ಧಕ್ಕೆ ಹೊತ್ತು, ಮಹದೇವುವಿನ ಬದುವಿನ ಪಕ್ಕ ಜೋಪಾನವಾಗಿ ಪೇರಿಸಿದರು. ಬೆಂಕಿ ಎಲ್ಲಿಂದ ಎಲ್ಲಿಗೆ ಹಾರಬಹುದು ಎಂದು ಎಷ್ಟು ಬಗೆಯಲ್ಲಿ ಯೋಚಿಸಿದ್ದೆನೋ! ನಮ್ಮ ಬೆಂಕಿಯನ್ನಷ್ಟೇ ಯೋಚಿಸಿದ್ದೆ.

ಕಾಲೇಜಿನ ಬಸ್ಸು ಬಂತು. ಅದರ ಹಿಂದೆ ಮಧುಕರ ಸರ್ ಕಾರು ಬಂತು. ವಿದ್ಯಾರ್ಥಿಗಳು ಇಳಿದು ಎರಡು ಗಳಗಳಿಗೆ ಒಂದು ದೊಡ್ಡ ಫ್ಲೆಕ್ಸ್ ಕಟ್ಟಿದರು. ಹಸಿರು ಬಣ್ಣದ್ದು, ಮೂಲೆಯಲ್ಲಿ ಎರಡು ಎಲೆ, ಎಲೆಯ ಮೇಲೆ ಭೂಗೋಳ. 'ಸುಸ್ಥಿರತಾ ಕೇಂದ್ರ: ಕ್ಷೇತ್ರ ಪ್ರಯೋಗ' ಎಂದು ಬರೆದಿತ್ತು. ಪ್ಲಾಸ್ಟಿಕ್ ಫ್ಲೆಕ್ಸ್ ಬೇಡ, ಬಟ್ಟೆಯ ಮೇಲೆ ಬರೆಸೋಣ ಎಂದು ನಾನು ಹೇಳಿದ್ದೆ. ಬಟ್ಟೆಯ ಮೇಲೆ ಭೂಗೋಳ ಚೆನ್ನಾಗಿ ಬರುವುದಿಲ್ಲವಂತೆ.

ಫೋಟೊ ಆಯಿತು. ಸುಡುವ ಅರ್ಧದ ಕಡೆ ತಿರುಗಿದರೆ ಅದರ ನಟ್ಟನಡುವೆ ಚಿಕ್ಕಮ್ಮ ಕಾಲು ಚಾಚಿ ಕೂತಿದ್ದರು. ಎಲೆ ಅಡಿಕೆಯ ಚೀಲ ಬಿಚ್ಚಿದ್ದರು.

"ಏಳಮ್ಮಿ, ಮರ್ಯಾದೆ ಕಳೀಬ್ಯಾಡ," ಚಿಕ್ಕಪ್ಪ ಅಂಗಲಾಚಿದರು.

"ಏಳಾಕಿಲ್ಲ. ನನ್ನೂ ಸೇರ್ಸಿ ಸುಡಿ. ಬೂದಿ ಎಷ್ಟಾಯ್ತು ಅಂತ ಅದ್ನೂ ಅಳ್ಕೊಳ್ಳಿ."

ಮಧುಕರ ಸರ್ ಶೂ ಹಾಕಿಕೊಂಡೇ ತರಗಿನ ಮೇಲೆ ಹೆಜ್ಜೆಯಿಟ್ಟು ಹತ್ತಿರ ಹೋದರು. "ಅಮ್ಮ, ಇದು ರೈತರ ಒಳ್ಳೇದಕ್ಕೇ ಮಾಡ್ತಿರೋದು. ನಾಳೆ ಇದನ್ನ ಓದಿ ಎಷ್ಟೋ ಜನ ಸುಡೋದು ಬಿಡ್ತಾರೆ."

"ನಿಮ್ ಮನೆ ಅರ್ಧ ಸುಟ್ಕಂಡು ಬನ್ನಿ ಸಾಮಿ. ಅದ್ನ ನೋಡ್ಕಂಡು ನಾವೂ ಬುಡ್ತೀವಿ."

ವಿದ್ಯಾರ್ಥಿಗಳು ನಕ್ಕರು. ಸರ್ ನನ್ನ ಕಡೆ ನೋಡಿದರು. ನಾನು ಚಿಕ್ಕಮ್ಮನ ಕಡೆ ನೋಡಿದೆ. ಎಬ್ಬಿಸಬೇಕೋ, ಅವರ ಪಕ್ಕ ಹೋಗಿ ಕೂರಬೇಕೋ ತಿಳಿಯಲಿಲ್ಲ. ಕೂರಬೇಕಿತ್ತು. ಬಸ್ಸಿನ ಬಾಡಿಗೆ, ಸರ್ ಬಿಡುವು ಮಾಡಿಕೊಂಡು ಬಂದದ್ದು, ಮಕ್ಕಳ ಒಂದು ದಿನ, ಇವೆಲ್ಲ ತಲೆಯಲ್ಲಿ ಓಡುತ್ತಿದ್ದವು. ಎದ್ದು ಬನ್ನಿ ಎಂದೂ ಹೇಳಲಿಲ್ಲ, ಬೇಡ ನಿಲ್ಲಿಸಿ ಎಂದೂ ಹೇಳಲಿಲ್ಲ. ಕೈಯಲ್ಲಿ ಹೊಂಗೆ ಕೊಂಬೆ ಹಿಡಿದು ನಿಂತಿದ್ದೆ.

ಅಷ್ಟರಲ್ಲಿ ಬದುವಿನ ಮೇಲೆ ಜನ ಸೇರಿದ್ದರು. ಮಹದೇವು ಫ್ಲೆಕ್ಸ್ ಮುಂದೆ ನಿಂತು ಓದಿಕೊಂಡ.

"ಏನ್ಲಾ ಮರಿಸಿದ್ದ, ಇಲಿ ಛತ್ರಕ್ಕೆ ಕೊನೆಗೂ ಬೆಂಕಿ ಇಕ್ತಿದ್ದೀಯ?"

"ಕಾಲೇಜ್ನೋರು ಇಕ್ಕುಸ್ತಾವ್ರೆ ಕಣ್ಲಾ. ಪ್ರಯೋಗ."

"ಅಂದ್ರೆ ಕಾಲೇಜ್ನೋರೇ ಬೋರ್ಡ್ ಆಕಿ ಸುಡುಸ್ತಾವ್ರೆ ಅನ್ನು. ಅಂಗಾರೆ ಈಗ ಸುಡ್ಬೋದು."

"ಇಲ್ಲ ಅಣ್ಣ, ಹಾಗಲ್ಲ," ಎಂದು ನಾನು ಓಡಿದೆ. "ಇದು ಸಂಶೋಧನೆಗೆ. ಸುಡಬಾರದು ಅಂತ ತೋರಿಸೋದಕ್ಕೆ."

ಮಹದೇವು ನನ್ನನ್ನೂ ಫ್ಲೆಕ್ಸನ್ನೂ ಒಮ್ಮೆ ನೋಡಿದ. "ಸುಡ್ಬಾರ್ದು ಅಂತ ತೋರ್ಸಾಕೆ ಸುಡ್ತೀರ. ಆಯ್ತು ಕಣವ್ವ. ನಾವೂ ಅದ್ನೇ ತೋರುಸ್ತೀವಿ ಬುಡು." ಅವನ ಹಿಂದೆ ನಿಂತಿದ್ದವರೆಲ್ಲ ಗೊಳ್ಳೆಂದರು. ಒಬ್ಬೊಬ್ಬರೇ ತಮ್ಮ ತಮ್ಮ ಗದ್ದೆಯ ಕಡೆ ನಡೆದರು. ಇಷ್ಟು ದಿನ ಕದ್ದುಮುಚ್ಚಿ, ಮೋಡ ನೋಡಿ, ಹೊತ್ತು ನೋಡಿ ಸುಡುತ್ತಿದ್ದವರು. ಈಗ ಕೈ ಬೀಸಿಕೊಂಡು ಹೋದರು.

ಗಾಳಿಯಲ್ಲಿ ಡ್ರೋನ್ ಹಾರಿಸುತ್ತಿದ್ದವಳು ದೀಪಿಕ. ಅವಳ ಕೈಯಲ್ಲಿದ್ದ ಪರದೆಯಲ್ಲಿ ಮೊದಲು ಕಂಡಿತು.

"ಮೇಡಂ," ಅಂದಳು. "ನಾವಿನ್ನೂ ಹಚ್ಚಿಲ್ಲ ಅಲ್ವಾ?"

ನಾಲೆಯವರೆಗೂ ಅಲ್ಲಲ್ಲಿ ಹೊಗೆ ಏಳುತ್ತಿತ್ತು. ಊರಿಗೆ ಊರೇ ಒಟ್ಟಿಗೆ ಸುಡುವುದನ್ನು ನಾನು ನೋಡಿದ್ದು ಅದೇ ಮೊದಲು. ಮಹದೇವುವಿನ ಗದ್ದೆಯ ಆಚೆ ತುದಿಯಲ್ಲಿ ಹತ್ತಿದ ಬೆಂಕಿ ಗಾಳಿಗೆ ಇತ್ತ ತಿರುಗಿತು. ಬದು ಒಣಹುಲ್ಲಿನದು. ನಾವು ಡ್ರಮ್ಮಿನ ಕಡೆ ಓಡುವ ಮೊದಲೇ ಅದು ಬದು ದಾಟಿ, ನಾವು ಉಳಿಸಬೇಕೆಂದಿದ್ದ ಅರ್ಧಕ್ಕೆ ಬಿದ್ದಿತ್ತು. ಮೂರು ವರ್ಷದ ತರಗು, ಮೇಲೆ ವಾರದ ಹಿಂದಿನ ಹೊಸ ತರಗು. ಪೈಪಿನ ಸುರುಳಿಗಳು ಕರಗಿ ಕಪ್ಪು ಹೊಗೆ ಬಿಟ್ಟವು. ಮಕ್ಕಳು ಕೊಂಬೆಗಳಿಂದ ಬಡಿದರು. ಮಧುಕರ ಸರ್ ಕೂಡ ಕೋಟು ಬಿಚ್ಚಿ ಬಡಿದರು, ಅದನ್ನು ಹೇಳಲೇಬೇಕು. ಬೆಂಕಿ ನಾನು ಕೆರೆಸಿದ್ದ ಪಟ್ಟಿಯವರೆಗೆ ಬಂದು, ಮುಂದೆ ತಿನ್ನಲು ಏನೂ ಸಿಗದೆ ನಿಂತಿತು.

ಪಟ್ಟಿಯ ಈಚೆ, ಸುಡಬೇಕಾಗಿದ್ದ ಅರ್ಧದಲ್ಲಿ, ಚಿಕ್ಕಮ್ಮ ಎದ್ದೇ ಇರಲಿಲ್ಲ.

ಮಹದೇವು ಏದುಸಿರು ಬಿಡುತ್ತಾ ಬಂದ. ಮುಖ ಬಿಳಿಚಿಕೊಂಡಿತ್ತು. "ನಾನ್ ನನ್ ಗದ್ದೆಗೆ ಇಕ್ಕಿದ್ದು ಕಣ್ಲಾ ಮರಿಸಿದ್ದ. ಗಾಳಿ ತಿರೀಕಂತು. ನಿಂದು ತಾನಾಗೆ ಅತ್ಕೊಂತು. ನಮ್ಮವ್ವನಾಣೆ."

ಈ ಸಲ ಅವನು ಹೇಳಿದ್ದು ನಿಜವಾಗಿತ್ತು. ಚಿಕ್ಕಪ್ಪ ಅವನನ್ನು ಬೈಯಲಿಲ್ಲ. ಕರಗಿದ ಪೈಪನ್ನು ಕಾಲಿನಲ್ಲಿ ಸರಿಸಿದರು. ಮುಖದ ಮಸಿಯನ್ನು ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತಾ ನನ್ನನ್ನು ಕೇಳಿದರು: "ಇಷ್ಟಕ್ಕಾದ್ರೂ ನಿನ್ ಕ್ಲಾಸು ಉಳೀತಾ?"

ನಾನು ಉತ್ತರ ಕೊಡುವ ಮೊದಲು ಮಧುಕರ ಸರ್ ನನ್ನನ್ನು ಪಕ್ಕಕ್ಕೆ ಕರೆದರು. ಅವರ ಅಂಗಿಯೂ ಕಪ್ಪಾಗಿತ್ತು. ಕಣ್ಣು ಮಾತ್ರ ಹೊಳೆಯುತ್ತಿತ್ತು.

"ಮೇಡಂ, ಗಮನಿಸಿದ್ರಾ? ಅರ್ಧ ಸುಟ್ಟಿದೆ, ಅರ್ಧ ಉಳಿದಿದೆ. ಅದೇ ಮಣ್ಣು, ಅದೇ ನೀರು, ಅದೇ ರೈತ!"

"ಉಳಿಸಬೇಕಾಗಿದ್ದ ಅರ್ಧ ಸುಟ್ಟಿದೆ ಸರ್."

"ಯಾವ ಅರ್ಧ ಆದ್ರೇನು ಮೇಡಂ? ಅರ್ಧ ಅರ್ಧಾನೇ ಅಲ್ವಾ?"

ಲೆಕ್ಕದ ಪ್ರಕಾರ ಅವರು ಹೇಳಿದ್ದು ಸರಿ. ಅದೇ ನನಗೆ ತಡೆಯಲಾಗದ್ದು. ಜಗಳ ಮಾಡೋಣವೆಂದರೆ ಪ್ರತಿಸಲವೂ ಅವರು ಲೆಕ್ಕದ ಪ್ರಕಾರ ಸರಿ ಇರುತ್ತಾರೆ.

ಮಣ್ಣು ಅಳೆದೆವು. ಪ್ರಬಂಧ ತಿದ್ದಿದೆ. ಹೋಲಿಕೆ ಚೆನ್ನಾಗಿಯೇ ಬಂತು, ನಾಚಿಕೆಯಾಗುವಷ್ಟು ಚೆನ್ನಾಗಿ ಬಂತು. ಗದ್ದೆ ಸುಟ್ಟದ್ದು ಹೇಗೆ ಎಂದು ವಿವರಿಸಬೇಕಾದ ಜಾಗದಲ್ಲಿ ನಡೆದದ್ದನ್ನು ಬರೆದೆ. ಪ್ರಯೋಗಕ್ಕಾಗಿ ಕಾಲೇಜಿನವರು ಗದ್ದೆ ಸುಡಿಸಲು ಬಂದದ್ದನ್ನು ನೋಡಿ ಊರಿನವರು ಅದನ್ನು ಅನುಮತಿ ಎಂದು ತಿಳಿದು ತಮ್ಮ ಗದ್ದೆಗಳನ್ನು ಸುಟ್ಟರು, ಆ ಬೆಂಕಿಯೇ ಇಲ್ಲಿಗೆ ಹರಡಿತು.

ಮಧುಕರ ಸರ್ ಅದನ್ನು ಓದಿ ಕನ್ನಡಕ ತೆಗೆದಿಟ್ಟರು.

"ಇದು ಬೇಡ ಮೇಡಂ. 'ಆಕಸ್ಮಿಕ ಬೆಂಕಿ' ಅಂದ್ರೆ ಸಾಕು."

"ಆಕಸ್ಮಿಕ ಅಲ್ಲ ಸರ್. ನಾವು ಹೋಗದೆ ಇದ್ದಿದ್ರೆ ಅವತ್ತು ಅಷ್ಟು ಗದ್ದೆ ಸುಡ್ತಿರಲಿಲ್ಲ."

"ಸುಸ್ಥಿರತಾ ಕೇಂದ್ರದೋರು ಊರಿಗೆಲ್ಲ ಬೆಂಕಿ ಹಚ್ಚಿಸಿದ್ರು ಅಂತ ನಾವೇ ಬರ್ಕೊಳ್ಳೋಣ್ವಾ? ನಾನು ಒದ್ದಾಡ್ತಿರೋದು ಯಾರಿಗೋಸ್ಕರ? ನಿಮ್ಮ ವಿಷಯ ಉಳಿಸೋಕೆ ತಾನೇ?"

"ಗೊತ್ತು ಸರ್."

"ಗೊತ್ತಿದ್ರೆ ತೆಗೀರಿ."

ಊರಿನಲ್ಲಿ ಯಾರೂ ಸುಡುವುದಿಲ್ಲ ಎಂದು ಮಕ್ಕಳು ಬರೆದುಕೊಂಡು ಬಂದದ್ದನ್ನು, ಅದು ಸುಳ್ಳೆಂದು ಗೊತ್ತಿದ್ದೂ, ನಾನು ತಿದ್ದಿರಲಿಲ್ಲ. ಹೇಳಿದ್ದು ಹೇಳಿದ ಹಾಗೆ ಇರಲಿ ಅಂದಿದ್ದೆ. ಈಗ ನಾನೇ ಕಣ್ಣಾರೆ ಕಂಡದ್ದನ್ನು ತಿದ್ದಬೇಕು. ನನಗೆ ಧೈರ್ಯ ಕಡಿಮೆ. ಆದರೆ ಅಂದು, ಎಷ್ಟೋ ದಿನದಿಂದ ಒಳಗೆ ಕುದಿಯುತ್ತಿದ್ದ ಬೇಸರ ಧೈರ್ಯದ ಕೆಲಸ ಮಾಡಿತು.

"ತೆಗೆಯಲ್ಲ ಸರ್."

"ಹಾಗಾದ್ರೆ ನನ್ನ ಹೆಸರು ತೆಗೀರಿ. ಕಾಲೇಜಿನ ಹೆಸರೂ ಬೇಡ."

ತೆಗೆದೆ. ನನ್ನ ಹೆಸರೊಂದನ್ನೇ ಇಟ್ಟು ಕಳಿಸಿದೆ. ಕಾಲೇಜಿನ ಹೆಸರಿಲ್ಲದ ಪ್ರಬಂಧ ಕಾಲೇಜಿನ ಲೆಕ್ಕಕ್ಕೆ ಬರುವುದಿಲ್ಲ. ಆಡಳಿತ ಮಂಡಳಿ ಸೇರಿತು, ಸುಸ್ಥಿರತೆಯನ್ನು ಕೈಬಿಟ್ಟಿತು. ಅದರ ಜಾಗದಲ್ಲಿ ಹೊಸ ವಿಷಯ ಬಂತು: ಹಸಿರು ಬ್ರ್ಯಾಂಡಿಂಗ್. ಕಲಿಸುವಿರಾ ಎಂದು ಮಧುಕರ ಸರ್ ನನ್ನನ್ನೇ ಕೇಳಿದರು. "ನಿಮಗಿಂತ ಚೆನ್ನಾಗಿ ಯಾರು ಕಲಿಸ್ತಾರೆ ಮೇಡಂ?" ಅಂದರು. ವ್ಯಂಗ್ಯವಿರಲಿಲ್ಲ. ಅವರಿಗೆ ವ್ಯಂಗ್ಯ ಬರುವುದಿಲ್ಲ.

ಊರಿಗೆ ಹೋಗಿ ತರಗತಿ ಹೋಯಿತೆಂದು ಹೇಳಿದೆ.

"ಅಂಗಾರೆ ಸುಟ್ಟಿದ್ದು ದಂಡ," ಅಂದರು ಚಿಕ್ಕಪ್ಪ. ಅವರು ಉಳಿದ ಅರ್ಧದಿಂದ ತರಗು ಹೊತ್ತು ಸುಟ್ಟ ಅರ್ಧಕ್ಕೆ ಹಾಸುತ್ತಿದ್ದರು. ಅದು ಎಲ್ಲಿಗೂ ಸಾಲುತ್ತಿರಲಿಲ್ಲ.

"ಇನ್ನೇನೋ ಕೊಟ್ಟವ್ರಂತಲ್ಲ, ಅದೇನು?" ಚಿಕ್ಕಮ್ಮ ಕೇಳಿದರು.

"ವಸ್ತುಗೆ ಹಸಿರು ಬಣ್ಣ ಬಳಿದು ಮಾರಾದು ಹೆಂಗೆ ಅಂತ ಹೇಳ್ಕೊಡ್ಬೇಕು ಚಿಕ್ಕವ್ವ."

"ಓಗು, ಹೇಳ್ಕೊಡು. ಮೊದ್ಲು ಸುಟ್ಟಿದ್ದು ತೋರ್ಸು, ಆಮ್ಯಾಕೆ ಬಣ್ಣ ತೋರ್ಸು."

ಅವರು ನನ್ನನ್ನು ರೇಗಿಸಲು ಅಂದದ್ದು. ನಾನು ಹಾಗೆಯೇ ಮಾಡಿದೆ. ಹಸಿರು ಬ್ರ್ಯಾಂಡಿಂಗ್‌ನ ಮೊದಲ ತರಗತಿ ತುಂಬಿ ತುಳುಕುತ್ತಿತ್ತು. ಹೆಸರು ಚೆನ್ನಾಗಿತ್ತಲ್ಲ. ನಾನು ಮಾತಾಡದೆ ದೀಪಿಕಳ ಡ್ರೋನ್ ತೆಗೆದಿದ್ದ ಚಿತ್ರವನ್ನು ಗೋಡೆಯ ಮೇಲೆ ಬಿಟ್ಟೆ. ನಾಲೆಯವರೆಗೂ ಹೊಗೆ, ಕಪ್ಪು ಗದ್ದೆಗಳು, ಓಡುವ ಜನ.

"ಇದರಲ್ಲಿ ಹಸಿರು ಎಲ್ಲಿದೆ?" ಎಂದು ಕೇಳಿದೆ.

"ಬ್ಯಾನರ್ ಮೇಡಂ!" ಎಂದ ಹಿಂದಿನ ಬೆಂಚಿನಿಂದ ಚಂದನ ಎಂಬ ಹುಡುಗ. ತರಗತಿ ನಕ್ಕಿತು. ಅವನೇ ಸ್ವಲ್ಪ ಹೊತ್ತಿನ ಮೇಲೆ, ಈ ಸಲ ನಗದೆ, "ಮೇಡಂ, ಆ ಸುಡದೆ ಉಳಿದಿರೋ ಕಡೆ ಯಾರೋ ಕೂತಿದಾರಲ್ಲ, ಯಾರದು?" ಅಂದ.

"ನಮ್ಮ ಚಿಕ್ಕಮ್ಮ. ಆ ಗದ್ದೆಗೆ ಹಾಸಲು ತರಗು ಬೇಕಾಗಿದೆ. ಪಕ್ಕದೂರಿನಲ್ಲಿ ಈ ವಾರ ಕಟಾವು. ಅವರು ಸುಡುವ ಮೊದಲು ಹೊತ್ತು ತರಬೇಕು. ಭಾನುವಾರ ಹೋಗುತ್ತಿದ್ದೇನೆ. ಅಂಕ ಇಲ್ಲ, ಹಾಜರಾತಿ ಇಲ್ಲ, ಫೋಟೊ ಇಲ್ಲ. ಬರುವವರು ಕೈ ಎತ್ತಿ."

ಹೇಳಿದ ಕೂಡಲೇ ಬೋರ್ಡಿನ ಕಡೆ ತಿರುಗಿ ಮದ್ದೂರಿನಿಂದ ಹೊರಡುವ ಬಸ್ಸಿನ ವೇಳೆ ಬರೆಯತೊಡಗಿದೆ. ಬೇಕಾದ್ದಕ್ಕಿಂತ ದೊಡ್ಡ ಅಕ್ಷರಗಳಲ್ಲಿ, ನಿಧಾನವಾಗಿ. ಎಷ್ಟು ಕೈ ಎದ್ದಿವೆ ಎಂದು ತಿರುಗಿ ನೋಡಲು ಇನ್ನೂ ಧೈರ್ಯ ಬಂದಿರಲಿಲ್ಲ.